ಬೇಸಿಗೆ ರಜೆಗೆ ಮಕ್ಕಳನ್ನು ಮಲೆನಾಡಿನ ಅಜ್ಜಿಮನೆಗೆ ಕಳುಹಿಸಬಹುದೇ?

ಪ್ರಶ್ನೆ: ಬೆಂಗಳೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೇ ವಾರದಲ್ಲಿ ಮಕ್ಕಳಿಗೆ ಬೇಸಿಗೆ ರಜೆ ಆರಂಭವಾಗುತ್ತದೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ನಾವಿಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ, ಏಪ್ರಿಲ್ ಮುಗಿಯುವವರೆಗೆ ಮಕ್ಕಳನ್ನು ಸಾಗರ ತಾಲ್ಲೂಕಿನಲ್ಲಿರುವ ಅತ್ತೆ-ಮಾವನವರ ಬಳಿ ಬಿಟ್ಟು, ಮೇ ತಿಂಗಳಲ್ಲಿ ನಾವೂ ಹೋಗಿ, ಜೋಗ ತೋರಿಸಿಕೊಂಡು ಕರೆತರುವ ಯೋಚನೆಯಿದೆ. ಅತ್ತೆಯವರು ಸಂತೋಷದಿಂದ ಒಪ್ಪಿದ್ದಾರೆ. ಆದರೆ ಅವರಿಗೆ ಮಂಡಿನೋವು. ಮನೆಯ ಹಿಂದೆ ಬಾವಿ, ತೋಟದ ಕೆಳಗೆ ಹೊಳೆ. ಮಗನಿಗೆ ಮೊಬೈಲ್ ಇಲ್ಲದಿದ್ದರೆ ಊಟ ಸೇರುವುದಿಲ್ಲ. ಮಂಗನ ಕಾಯಿಲೆಯ ಸುದ್ದಿ ಓದಿದಾಗಿನಿಂದ ನನ್ನ ಪತಿಯೂ ಹಿಂಜರಿಯುತ್ತಿದ್ದಾರೆ. ಬೆಂಗಳೂರಿನಲ್ಲಿಯೇ ಬೇಸಿಗೆ ಶಿಬಿರಕ್ಕೆ ಸೇರಿಸುವುದು ಮೇಲೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಸಾಗರದ ಅಜ್ಜಿ

ಖಂಡಿತ ಕಳುಹಿಸಿ. ನಮ್ಮ ಮನೆಗೂ ಪ್ರತಿ ಬೇಸಿಗೆಯಲ್ಲಿ ಮೊಮ್ಮಕ್ಕಳು ಬರುತ್ತಾರೆ. ಆದರೆ ಮಕ್ಕಳನ್ನು ಬಿಟ್ಟು ಮರುದಿನವೇ ಬಸ್ಸು ಹತ್ತಬೇಡಿ. ನಿಮ್ಮಲ್ಲಿ ಒಬ್ಬರಾದರೂ ಮೊದಲ ಕೆಲವು ದಿನ ಜೊತೆಗಿದ್ದು, ಮಕ್ಕಳು ಆ ಮನೆಯ ಊಟ-ನಿದ್ದೆಯ ಹೊತ್ತಿಗೆ ಹೊಂದಿಕೊಂಡ ಮೇಲೆ ಹೊರಡಿ. ಅತ್ತೆಯವರು ಸಂತೋಷದಿಂದ ಒಪ್ಪಿದ್ದಾರೆಂದರೆ ಅವರಿಗೆ ಆಯಾಸವಾಗುವುದಿಲ್ಲ ಎಂದು ಅರ್ಥವಲ್ಲ. ಮೊಮ್ಮಕ್ಕಳು ಬರುತ್ತಾರೆಂದರೆ ಬೇಡವೆನ್ನುವ ಅಜ್ಜಿಯನ್ನು ನಾನು ಕಂಡಿಲ್ಲ. ಆದ್ದರಿಂದ ಪಾತ್ರೆ, ಬಟ್ಟೆಯ ಕೆಲಸಕ್ಕೆ ಆ ತಿಂಗಳ ಮಟ್ಟಿಗೆ ಒಬ್ಬರನ್ನು ಗೊತ್ತುಮಾಡಿ, ಅದರ ಖರ್ಚನ್ನು ನೀವೇ ಕೊಡಿ.

ಮೊಬೈಲಿನ ವಿಷಯದಲ್ಲಿ ಅಷ್ಟು ಚಿಂತೆ ಬೇಡ. ಈಗ ಹಲಸಿನ ಹಪ್ಪಳದ ಕಾಲ. ಬೇಯಿಸಿದ ಸೊಳೆಯನ್ನು ಮೆಣಸು, ಉಪ್ಪು, ಜೀರಿಗೆ ಹಾಕಿ ರುಬ್ಬಿ ಉಂಡೆ ಕಟ್ಟಿಟ್ಟರೆ, ಉಂಡೆಯನ್ನು ಎಣ್ಣೆ ಸವರಿದ ಹಾಳೆಗಳ ನಡುವೆ ಇಟ್ಟು ಒತ್ತುವ ಕೆಲಸವನ್ನು ಆರು ವರ್ಷದ ಮಗುವೂ ಮಾಡುತ್ತದೆ. ಅಂಚು ಹರಿದ ಹಪ್ಪಳವನ್ನು ಹಸಿಯಾಗಿಯೇ ತಿನ್ನುವ ಹಕ್ಕು ಒತ್ತಿದವರದು ಎಂಬುದು ನಮ್ಮ ಮನೆಯ ನಿಯಮ. ಚಾಪೆಯ ಮೇಲೆ ಹರವಿ, ಕಾಗೆ ಬಾರದಂತೆ ಕಾವಲು ಕೂರುವಷ್ಟರಲ್ಲಿ ಬೆಳಗು ಕಳೆದಿರುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. ಬಾವಿಯ ಮೇಲೆ ಕಬ್ಬಿಣದ ಜಾಲರಿ ಇಲ್ಲದಿದ್ದರೆ ಮಕ್ಕಳು ಬರುವ ಮೊದಲೇ ಹಾಕಿಸಿ. ಬೇಸಿಗೆಯಲ್ಲಿ ಹೊಳೆ ಬತ್ತಿದಂತೆ ಕಂಡರೂ ನಡುನಡುವೆ ಆಳದ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಈಜು ಬಲ್ಲ ದೊಡ್ಡವರು ಜೊತೆಗಿಲ್ಲದೆ ಹೊಳೆಗೆ ಇಳಿಯಬಾರದೆಂದು ಇಬ್ಬರಿಗೂ ನೀವೇ ಹೇಳಿ ಕಳುಹಿಸಿ.

ಉತ್ತರ: ಶಿವಮೊಗ್ಗದ ಆರೋಗ್ಯ ಕಾರ್ಯಕರ್ತೆ

ಮಂಗನ ಕಾಯಿಲೆಯ ಬಗ್ಗೆ ಎಚ್ಚರಿಕೆ ಬೇಕು, ಆದರೆ ಪ್ರಯಾಣವನ್ನೇ ಕೈಬಿಡುವಷ್ಟು ಭಯ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗು (ರಕ್ತ ಹೀರುವ ಸಣ್ಣ ಉಣ್ಣೆ ಹುಳು) ಕಚ್ಚುವುದರಿಂದ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಪ್ರಕರಣಗಳು ಹೆಚ್ಚು ಎಂಬುದು ನಿಜ. ಹಾಗಾಗಿ ನಿಮ್ಮ ಅತ್ತೆಯವರ ಊರಿನ ಸುತ್ತ ಈ ವರ್ಷ ಪ್ರಕರಣಗಳಿವೆಯೇ ಎಂದು ಅಲ್ಲಿನ ಆಶಾ ಕಾರ್ಯಕರ್ತೆಯನ್ನೇ ಕೇಳಿ. ಇದ್ದರೆ ಮಕ್ಕಳನ್ನು ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರಲು ಕಾಡಿಗೆ ಹೋಗುವವರ ಜೊತೆ ಕಳುಹಿಸಬೇಡಿ. ತೋಟಕ್ಕೆ ಹೋಗುವಾಗ ಮೈ ಮುಚ್ಚುವ ಬಟ್ಟೆ ಹಾಕಿಸಿ, ಬಂದ ಕೂಡಲೇ ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುವುದರಿಂದ, ಬೆಂಗಳೂರಿಗೆ ಮರಳಿದ ಮೇಲೆ ಮಕ್ಕಳಿಗೆ ಜ್ವರ ಬಂದರೂ ಮಲೆನಾಡಿನಲ್ಲಿ ಇದ್ದು ಬಂದದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಉತ್ತರ: ಇಬ್ಬರು ಮಕ್ಕಳ ತಂದೆ

ಶಿಬಿರಗಳನ್ನು ನಾನು ತಳ್ಳಿಹಾಕುವುದಿಲ್ಲ. ಬೆಂಗಳೂರಿನ ಬಾಲಭವನದ ಶಿಬಿರ, ಮೈಸೂರು ರಂಗಾಯಣದ ಚಿಣ್ಣರ ಮೇಳಗಳಿಂದ ಮಕ್ಕಳು ನಿಜವಾಗಿಯೂ ಕಲಿಯುತ್ತಾರೆ. ಆದರೆ ಅಜ್ಜಿಮನೆ ಇರುವಾಗ, ಪರೀಕ್ಷೆ ಮುಗಿದ ಮರುವಾರವೇ ಇನ್ನೊಂದು ವೇಳಾಪಟ್ಟಿಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಪ್ರವಾಸದ ಬಗ್ಗೆ ಎರಡು ಮಾತು. ಮೇ ತಿಂಗಳಲ್ಲಿ ಜೋಗದಲ್ಲಿ ನೀರು ಬಹಳ ಕಡಿಮೆ. ಶರಾವತಿಯ ನೀರು ಮೇಲಿನ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ವಿದ್ಯುತ್ತಿಗಾಗಿ ನಿಂತಿರುವುದರಿಂದ, 253 ಮೀಟರ್ ಎತ್ತರದ ಬಂಡೆಯ ಮೇಲೆ ಎಳೆಯಂಥ ಧಾರೆ ಮಾತ್ರ ಕಾಣಬಹುದು. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿ, ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನೂ ಕೆಳದಿಯ ಗಂಡಭೇರುಂಡದ ಕೆತ್ತನೆಯನ್ನೂ ತೋರಿಸಿ. ಜೋಗವನ್ನು ಮಳೆಗಾಲಕ್ಕೆ ಉಳಿಸಿಕೊಳ್ಳಿ. ಇನ್ನು, ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ರಜೆಯಲ್ಲಿ ಸಾಗರದ ಮೂಲಕ ಹೋಗುವ ತಾಳಗುಪ್ಪ ರೈಲಿಗೆ ಬೇಡಿಕೆ ಹೆಚ್ಚು. ಮಕ್ಕಳಿಬ್ಬರಿಗೂ ಮಲಗುವ ಸೀಟು ಬೇಕೆಂದರೆ ಪೂರ್ಣ ದರ ಕೊಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೊದಲ ವಾರ ನನ್ನ ಪತಿ ಅಲ್ಲಿಂದಲೇ ಕೆಲಸ ಮಾಡಲು ಒಪ್ಪಿದ್ದಾರೆ. ಬಾವಿಗೆ ಜಾಲರಿ ಹಾಕಿಸಲು ಮಾವನವರಿಗೆ ಹೇಳಿದ್ದೇವೆ. ಆಶಾ ಕಾರ್ಯಕರ್ತೆಯನ್ನು ನಾಳೆ ವಿಚಾರಿಸಿ, ಆ ನಂತರವೇ ಟಿಕೆಟ್ ಮಾಡಿಸುತ್ತೇವೆ.