ತೋಟದ ದಾರಿಗೆ ಹಳೇ ರೆನೋ ಡಸ್ಟರ್ ಎಡಬ್ಲ್ಯುಡಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು) ಆಗುತ್ತಾ?

ಪ್ರಶ್ನೆ (ವಿರಾಜಪೇಟೆ):
ಡಾಂಬರು ರಸ್ತೆಯಿಂದ ನಮ್ಮ ಕಾಫಿ ಕಣದವರೆಗೆ ಕೆಮ್ಮಣ್ಣಿನ ಏರು. ಮಳೆಗಾಲದಲ್ಲಿ ಈಗಿನ ಕಾರು ಗೇಟಲ್ಲೇ ನಿಲ್ಲುತ್ತದೆ. ಜೀಪು ಬೇಡ ಅಂತಾರೆ ಅಮ್ಮ, ಸೊಂಟ ನೋವು. ಮೈಸೂರಲ್ಲಿ 2015ರ ಡೀಸೆಲ್ ಡಸ್ಟರ್ ಎಡಬ್ಲ್ಯುಡಿ ಇದೆ, ಒಬ್ಬರೇ ಓನರ್. ಆದರೆ ಈ ಹಳೇ ಡಸ್ಟರ್ ತಯಾರಿಕೆ 2022ರಲ್ಲೇ ನಿಂತಿತಲ್ಲ, ಸ್ಪೇರ್ ಕಥೆ ಏನು?

ಉತ್ತರ (ಮಡಿಕೇರಿ):
ಇಂಜಿನ್ ಚಿಂತೆ ಬಿಡಿ. ಅದೇ 1.5 ಲೀಟರ್ ಡೀಸೆಲ್ ನಿಸಾನ್ ಟೆರಾನೊ, ರೆನೋ ಲಾಜಿ ಕಾರುಗಳಲ್ಲೂ ಇತ್ತು. ತಲೆಬಿಸಿ ಇರೋದು ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಡಿಫರೆನ್ಷಿಯಲ್, ಕಪ್ಲಿಂಗ್‌ನಲ್ಲಿ. ಮಾಮೂಲಿ ಡಸ್ಟರ್‌ನಲ್ಲಿ ಅವು ಇಲ್ಲವೇ ಇಲ್ಲ, ಹುಡುಕಬೇಕು. ಎಡಬ್ಲ್ಯುಡಿ ನಾಬ್ 'ಲಾಕ್'ಗೆ (ಹಿಂದಿನ ಚಕ್ರಕ್ಕೂ ಶಕ್ತಿ ಹೋಗುವ ಸ್ಥಾನ) ತಿರುಗಿಸಿ ಕೆಸರಿನ ಏರಲ್ಲಿ ಹತ್ತಿಸಿ ನೋಡಿ. ಟಾರ್ ರೋಡಲ್ಲಿ ಸುಮ್ನೆ ಸುತ್ತಿದರೆ ಏನೂ ಗೊತ್ತಾಗಲ್ಲ. ಟೈಮಿಂಗ್ ಬೆಲ್ಟ್ (ಇಂಜಿನ್ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಓಡಿಸುವ ಬೆಲ್ಟ್) ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ. ವಾಟರ್ ಪಂಪ್ ಜೊತೆ ಹೊಸದು ಹಾಕಿಸಿ, ಆ ಖರ್ಚು ರೇಟಲ್ಲಿ ಕಡಿಮೆ ಮಾಡಿಸಿ. ಬೆಲ್ಟ್ ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಇಂಜಿನ್ ಕಥೆ ಮುಗೀತು.

ಉತ್ತರ (ಸೋಮವಾರಪೇಟೆ):
ಸೀಟು, ಸಸ್ಪೆನ್ಷನ್ ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಗುಂಡಿ ಬಿದ್ದದ್ದೇ ಗೊತ್ತಾಗಲ್ಲ. ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಮಾತ್ರ ಕಡಿಮೆ ಆರ್‌ಪಿಎಂನಲ್ಲಿ (ಇಂಜಿನ್ ನಿಧಾನ ತಿರುಗುವಾಗ) ನಿದ್ದೆ ಮಾಡುತ್ತದೆ, ಘಾಟಿ ತಿರುವಲ್ಲಿ ಗೇರ್ ಇಳಿಸಲೇಬೇಕು. ಲೋ ರೇಂಜ್ (ಕಡಿದಾದ ಏರಿಗೆ ನಿಧಾನ, ಹೆಚ್ಚು ಎಳೆತ ಕೊಡುವ ಗೇರ್) ಇಲ್ಲ, ಹಾಗಾಗಿ ಜೀಪಿನ ಕೆಲಸ ಮಾಡಿಸಬೇಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಬಿಲ್ ಕೇಳಿದೆ, ಓನರ್ "ಹುಡುಕ್ತೀನಿ" ಅಂದರು! ಬೆಲ್ಟ್ ಖರ್ಚು ಕಳೆದೇ ರೇಟು ಹೇಳ್ತೀನಿ.