ಅಮ್ಮನ ಜೊತೆ ವಿಯೆನ್ನಾ: ಸಂಗೀತ ಕೇಳಲು ಯಾವಾಗ, ಎಲ್ಲಿ?

ಸರಸ್ವತೀಪುರಂ ಶಾರದೆ:
ಎಲ್ಲರಿಗೂ ನಮಸ್ಕಾರ. ತಮ್ಮ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನನ್ನು ನೋಡಲು ಹೋದಾಗ ಅಮ್ಮನನ್ನು ನಾಲ್ಕು ದಿನ ವಿಯೆನ್ನಾಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಅಮ್ಮ ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಾರೆ. ನಮ್ಮ ಮೈಸೂರಿನ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನ ಕಚೇರಿ ತಪ್ಪಿಸಿದವರೇ ಅಲ್ಲ. ಟ್ರಾವೆಲ್ಸ್‌ನವರ ಪಟ್ಟಿಯಲ್ಲಿ ಬರೀ ಅರಮನೆ, ಶಾಪಿಂಗ್. ನನಗೆ ಅಮ್ಮನಿಗೆ ಅಲ್ಲಿಯ ಸಂಗೀತ ಕೇಳಿಸಬೇಕು. ಜುಲೈನಲ್ಲಿ ಹೋಗುವುದೋ, ಸೆಪ್ಟೆಂಬರ್‌ನಲ್ಲೋ? ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ಅಲ್ಲಿಯ ನಾಟಕ, ಅದರ ಟಿಕೆಟ್ ನಮ್ಮಂಥವರ ಕೈಗೆ ಎಟಕುತ್ತದಾ?

ಅಗ್ರಹಾರದವನು:
ವಿಯೆನ್ನಾದಲ್ಲಿ ಓದಿದವನು ನಾನು. ಜುಲೈ ಬೇಡವೇ ಬೇಡ. ಜುಲೈ, ಆಗಸ್ಟ್ ಎರಡೂ ತಿಂಗಳು ಅಲ್ಲಿಯ ದೊಡ್ಡ ರಂಗಮಂದಿರ ಸ್ಟೇಟ್ ಒಪೆರಾಗೆ ರಜೆ. ವಿಯೆನ್ನಾ ಫಿಲ್ಹಾರ್ಮೊನಿಕ್ ವಾದ್ಯವೃಂದದವರೂ ಬೇಸಿಗೆಯಲ್ಲಿ ಸಾಲ್ಜ್‌ಬರ್ಗ್ ಉತ್ಸವಕ್ಕೆ ಹೋಗಿಬಿಡುತ್ತಾರೆ. ಗಣಪತಿ ಕಚೇರಿ ಮುಗಿಸಿಕೊಂಡು ಸೆಪ್ಟೆಂಬರ್ ಕೊನೆಗೆ ಹೊರಡಿ.

ಅಮ್ಮನಿಗೆ ಒಂದು ವಿಷಯ ಮೊದಲೇ ಹೇಳಿ. ಅಲ್ಲಿ ಹಾಡುವವರ ಮುಂದೆ ಮೈಕ್ ಇರುವುದಿಲ್ಲ. ಕೆಳಗೆ ಪೂರ್ತಿ ಆರ್ಕೆಸ್ಟ್ರಾ ನುಡಿಸುತ್ತಿರುತ್ತದೆ. ಅದನ್ನು ದಾಟಿ ಒಂದೇ ಒಂದು ಗಂಟಲು ಮೇಲಿನ ಗ್ಯಾಲರಿಯ ಕೊನೇ ಸಾಲಿಗೆ ಮುಟ್ಟಬೇಕು. ಮುಟ್ಟುತ್ತದೆ! ಮೆಲ್ಲಗೆ ಹಾಡಿದಾಗಲೂ ಕೇಳುತ್ತದೆ. ಮೈಸೂರಿನ ಹಳೇ ವಿದ್ವಾಂಸರು ಬಿಡಾರಂ ಕೃಷ್ಣಪ್ಪನವರ ಕಾಲದಲ್ಲಿ ನಮ್ಮಲ್ಲೂ ಹಾಗೇ ಹಾಡುತ್ತಿದ್ದರು. ಈಗ ಸಣ್ಣ ಹಾಲ್‌ನಲ್ಲೂ ಕಿವಿ ಕಿತ್ತುಹೋಗುವಷ್ಟು ಸೌಂಡ್ ಇಡುತ್ತೇವೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಪಾಠ ಹೇಳುವವರು ಒಮ್ಮೆಯಾದರೂ ಮೈಕ್ ಇಲ್ಲದ ದನಿ ಕೇಳಬೇಕು.

ಟಿಕೆಟ್ ವಿಷಯಕ್ಕೆ ಬರುತ್ತೇನೆ. ಒಳ್ಳೆ ಸೀಟಿಗೆ 200 ಯೂರೋ ದಾಟಬಹುದು. ಆದರೆ ನಿಂತು ಕೇಳುವ ಜಾಗಗಳು 400ಕ್ಕೂ ಜಾಸ್ತಿ ಇವೆ, ಬೆಲೆ ತುಂಬಾ ಕಡಿಮೆ. ನೆಲಮಟ್ಟದ ನಿಲ್ಲುವ ಜಾಗ ಇರುವುದು ನಡುವಿನ ದೊಡ್ಡ ಬಾಕ್ಸ್‌ನ (ಕೆಲವರಷ್ಟೇ ಕೂರುವ ಪ್ರತ್ಯೇಕ ಜಾಗ) ಕೆಳಗೇ, ವೇದಿಕೆಗೆ ನೇರ ಎದುರು. ನಾನು ಓದುವಾಗ ಮಧ್ಯಾಹ್ನದಿಂದಲೇ ಕ್ಯೂ ನಿಲ್ಲುತ್ತಿದ್ದೆವು. ವಯಸ್ಸಾದವರು ಮಡಚುವ ಸ್ಟೂಲ್ ತಂದು ಕೂತು, ಯಾರು ಯಾವ ವರ್ಷ ಚೆನ್ನಾಗಿ ಹಾಡಿದರು ಅಂತ ಜಗಳ ಕಾಯುತ್ತಿದ್ದರು. ಕಚೇರಿಗೆ ಮುಂಚೆ ಪೆಂಡಾಲ್ ಹಿಂದುಗಡೆ ನಡೆಯುತ್ತದಲ್ವಾ, ಥೇಟ್ ಹಾಗೇ. ಒಳಗೆ ಹೋದ ಕೂಡಲೇ ಎದುರಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟುತ್ತಿದ್ದೆವು. ಕಟ್ಟಿದರೆ ಆ ಜಾಗ ನಮ್ಮದಾಗುತ್ತಿತ್ತು. ಹೊರಗೆ ಹೋಗಿ ಏನಾದರೂ ತಿಂದು ಬಂದರೂ ಯಾರೂ ಬಿಚ್ಚುತ್ತಿರಲಿಲ್ಲ. ಮಾತು ಅರ್ಥವಾಗಲು ಕಂಬಿಯ ಮೇಲೇ ಪುಟ್ಟ ಪರದೆ ಇದೆ. ಇಂಗ್ಲಿಷ್ ಒತ್ತಿಕೊಳ್ಳಿ.

ಕಟ್ಟಡದ ಕಥೆಯನ್ನೂ ಅಮ್ಮನಿಗೆ ಹೇಳಿ. 1869ರಲ್ಲಿ ಶುರುವಾದದ್ದು. 1945ರ ಮಾರ್ಚ್ 12ರಂದು ಬಾಂಬ್ ಬಿದ್ದು ವೇದಿಕೆ, ಸಭಾಂಗಣ ಎಲ್ಲ ಸುಟ್ಟುಹೋಯಿತು. ಮುಂಭಾಗ, ದೊಡ್ಡ ಮೆಟ್ಟಿಲು ಮಾತ್ರ ಉಳಿಯಿತು. ಮತ್ತೆ ಬಾಗಿಲು ತೆಗೆದದ್ದು 1955ರ ನವೆಂಬರ್ 5ರಂದು. ಯುದ್ಧ ಗೆದ್ದ ನಾಲ್ಕು ದೇಶಗಳ ಸೈನ್ಯ ಆಸ್ಟ್ರಿಯಾ ಬಿಟ್ಟು ಹೋಗಿ ಆಗಿನ್ನೂ ಕೆಲವೇ ದಿನ. ಅವತ್ತು ಆಡಿದ್ದು ಬೀಥೋವನ್ ಸಂಗೀತ ಕಟ್ಟಿದ ಫಿಡೇಲಿಯೊ ಅನ್ನುವ ಒಪೆರಾ. ಅನ್ಯಾಯವಾಗಿ ಸೆರೆ ಬಿದ್ದ ಗಂಡನನ್ನು ಹೆಂಡತಿ ಬಿಡಿಸಿಕೊಂಡು ಬರುವ ಕಥೆ. ಆ ಊರಿನ ಜನಕ್ಕೆ ಅವತ್ತು ಹೇಗನ್ನಿಸಿರಬೇಕು!

ಒಂಟಿಕೊಪ್ಪಲ್ ವೀಣೆ:
ಶಾರದಾ ಅವರೇ, ಮೂರು ಗಂಟೆ ನಿಲ್ಲುವುದು ಅಮ್ಮನ ವಯಸ್ಸಿಗೆ ಕಷ್ಟ ಆಗಬಹುದು. ಗ್ಯಾಲರಿಯ ಪಕ್ಕದ ಸೀಟುಗಳನ್ನು ನೋಡಿ. ವೇದಿಕೆ ಅರ್ಧ ಕಾಣುವುದಿಲ್ಲ, ಅದಕ್ಕೇ ಅಗ್ಗ. ಕೇಳುವುದಕ್ಕೆ ಏನೂ ಕೊರತೆ ಇಲ್ಲ.

ಒಂದು ಬೆಳಗ್ಗೆ 71ನೇ ನಂಬರ್ ಟ್ರಾಮ್ ಹತ್ತಿ ಸೆಂಟ್ರಲ್ ಸ್ಮಶಾನಕ್ಕೆ ಹೋಗಿ, ಎರಡನೇ ಗೇಟ್‌ನಲ್ಲಿ ಇಳಿಯಿರಿ. ಅಲ್ಲಿಯ ದೊಡ್ಡ ಸಂಗೀತಗಾರರಾದ ಬೀಥೋವನ್, ಶೂಬರ್ಟ್ ಸಮಾಧಿ ಅಕ್ಕಪಕ್ಕದಲ್ಲಿವೆ. ಬ್ರಾಮ್ಸ್ ಕೂಡ ಹತ್ತಿರದಲ್ಲೇ. ಮೊಜಾರ್ಟ್‌ನದು ಇಲ್ಲಿರುವುದು ಸ್ಮಾರಕ ಮಾತ್ರ. 1791ರಲ್ಲಿ ಅವನನ್ನು ಮಣ್ಣು ಮಾಡಿದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ. ನಮ್ಮ ತ್ಯಾಗರಾಜರು 1767ರಲ್ಲಿ ಹುಟ್ಟಿದವರು, ಬೀಥೋವನ್ 1770ರಲ್ಲಿ. ಇಬ್ಬರೂ ಒಂದೇ ಕಾಲದಲ್ಲಿ ಹಾಡು ಕಟ್ಟುತ್ತಿದ್ದರು ಅಂತ ನೆನೆದಾಗ ನನಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಮಂಡ್ಯ ಕಾಫಿ:
ಭಾನುವಾರ ಇದ್ದರೆ ಬೆಳಗ್ಗೆ 11ಕ್ಕೆ ಆಗಸ್ಟಿನರ್ ಚರ್ಚ್‌ಗೆ ಹೋಗಿ. ಪೂಜೆಯ ಭಾಗವಾಗಿಯೇ ಹೇಡನ್, ಮೊಜಾರ್ಟ್ ಕಟ್ಟಿದ್ದನ್ನು ಹಾಡುತ್ತಾರೆ, ಆರ್ಕೆಸ್ಟ್ರಾ ಸಮೇತ. ಟಿಕೆಟ್ ಇಲ್ಲ. ಆಮೇಲೆ ಯಾವುದಾದರೂ ಹಳೇ ಕಾಫಿ ಹೌಸ್. ಟ್ರೇ ಮೇಲೆ ಕಾಫಿ, ಜೊತೆಗೊಂದು ಲೋಟ ನೀರು. ಒಂದೇ ಕಾಫಿಗೆ ಎಷ್ಟು ಹೊತ್ತು ಕೂತರೂ ಏಳಿ ಅನ್ನುವುದಿಲ್ಲ.

ಸರಸ್ವತೀಪುರಂ ಶಾರದೆ:
ತುಂಬಾ ಉಪಕಾರವಾಯಿತು. ಮೈಕ್ ಇಲ್ಲ ಅಂದಿದ್ದಕ್ಕೆ ಅಮ್ಮ ಈಗಲೇ ಸೂಟ್‌ಕೇಸ್ ಇಳಿಸು ಅಂತಿದ್ದಾರೆ. ಮೊದಲ ಸಲಕ್ಕೆ ಯಾವ ಒಪೆರಾ?

ಅಗ್ರಹಾರದವನು:
ಮೊಜಾರ್ಟ್ ಅಥವಾ ವೆರ್ಡಿ ಕಟ್ಟಿದ ಒಪೆರಾ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ವ್ಯಾಗ್ನರ್ ಕಟ್ಟಿದ್ದಾದರೆ ಐದು ಗಂಟೆ ಆಗಬಹುದು, ಮೊದಲ ಸಲಕ್ಕೆ ಬೇಡ. ದಿನಾಂಕ ಗೊತ್ತಾದ ಮೇಲೆ ಇಲ್ಲೇ ಹಾಕಿ. ಅವತ್ತಿನ ಕಥೆಯನ್ನು ಅಮ್ಮನಿಗೆ ಓದಿಕೊಳ್ಳಲು ಕನ್ನಡದಲ್ಲಿ ಬರೆದು ಕೊಡುತ್ತೇನೆ.