ಪದಚರ್ಚೆ: ದಾಳಿಗೆ ಹೊರಡುವ 'ಟೈಮಿಂಗ್'ಗೆ ಏನನ್ನೋಣ? (ತುರ್ತು)

ಕಡತವಾಹಕಿ:

ನಮಸ್ಕಾರ. ಸಿವಿಲೈಜೇಷನ್ 6 ಎಂಬ, ಸರದಿಯಂತೆ ಆಡುತ್ತಾ ರಾಜ್ಯ ಕಟ್ಟುವ ಕಂಪ್ಯೂಟರ್ ಆಟದ ಕನ್ನಡ ಕೈಪಿಡಿಗೆ ಒಂದು ತಲೆಬರಹ ಬೇಕು, ಇವತ್ತು ಸಂಜೆಯೊಳಗೆ. ಅಧ್ಯಾಯ ಇರುವುದು ಯುದ್ಧ ಹೇಗೆ ಮಾಡಬೇಕು ಎಂಬುದರ ಬಗ್ಗೆ ಅಲ್ಲ, ಯಾವಾಗ ಎಂಬುದರ ಬಗ್ಗೆ. ಇದೇ ಪದ ಒಂದು ಸಣ್ಣ ಬಟನ್ ಮೇಲೂ ಕೂರಬೇಕು.

ಸಂದರ್ಭ ಹೇಳಿಬಿಡುತ್ತೇನೆ. ಕವಣೆಗಾರರನ್ನು ಮೊದಲೇ ಮಾಡಿಟ್ಟುಕೊಂಡು, ಬಿಲ್ವಿದ್ಯೆ ಕೈಗೆ ಬಂದ ಸರದಿಯಲ್ಲೇ ಚಿನ್ನ ಸುರಿದು ಅವರನ್ನು ಬಿಲ್ಲುಗಾರರನ್ನಾಗಿಸುವುದು. ಇದು ನಮ್ಮ ಗಡಿಯೊಳಗೇ ಆಗಬೇಕು, ಆ ಸರದಿಯಲ್ಲಿ ತುಕಡಿ ಮತ್ತೆ ಕದಲುವುದಿಲ್ಲ. ಎದುರಾಳಿಯ ಊರಿಗೆ ಕೋಟೆಗೋಡೆ ಇಲ್ಲದಿದ್ದರೆ ಆ ಊರು ಬಾಣ ಬಿಡಲಾರದು. ಮೂರು ನಾಲ್ಕು ಬಿಲ್ಲುಗಾರರು, ಒಳನುಗ್ಗಲು ಒಬ್ಬಿಬ್ಬರು ಕಾಲಾಳು ಸಾಕು. ಗೋಡೆ ಎದ್ದಿತೋ, ಏಟಿನ ಬಹುಪಾಲು ಗೋಡೆಗೆ ಬೀಳುತ್ತದೆ, ಊರೂ ತಿರುಗಿ ಹೊಡೆಯುತ್ತದೆ, ಅದೇ ಪಡೆ ಕೆಲಸಕ್ಕೆ ಬಾರದು. ಹೀಗೆ ಕೈಗೆ ಸಿಕ್ಕಿ ತಪ್ಪಿಹೋಗುವ ಅವಧಿಗೆ ಹೆಸರು ಬೇಕಿರುವುದು. 'ಯುದ್ಧಕಾಲ' ಬೇಡ, ಅದು ಯುದ್ಧ ನಡೆಯುತ್ತಿರುವ ಕಾಲ.

ಪದಾರ್ಥಿ:

ಹೊಸದಾಗಿ ಟಂಕಿಸುವ ಕೆಲಸವೇ ಇಲ್ಲ. 'ಯಾತ್ರಾಕಾಲ'. ಕೌಟಿಲ್ಯನ ಅರ್ಥಶಾಸ್ತ್ರದ 9ನೇ ಅಧಿಕರಣದಲ್ಲಿ ಶಕ್ತಿ, ದೇಶ, ಕಾಲಗಳ ಬಲಾಬಲ ತೂಗಿದ ಮೇಲೆ ಬರುವುದೇ ಇದು. ಮಾರ್ಗಶಿರದಲ್ಲಿ ಏಕೆ ಹೊರಡಬೇಕು ಎನ್ನುವುದಕ್ಕೆ ಅವನು ಕೊಡುವ ಕಾರಣವನ್ನೇ ನೋಡಿ: ಶತ್ರುವಿನ ಹಳೆಯ ಧಾನ್ಯ ಮುಗಿದಿದೆ, ಹೊಸದು ಇನ್ನೂ ಕಣಜ ಸೇರಿಲ್ಲ. ನಿಮ್ಮ ಗೋಡೆ ಏಳುವ ಮುಂಚಿನ ಲೆಕ್ಕವೂ ಇದೇ ಜಾತಿಯದು. ಷಾಡ್ಗುಣ್ಯದ, ಅಂದರೆ ರಾಜನೀತಿಯ ಆರು ಉಪಾಯಗಳ, 'ಯಾನ' (ದಂಡೆತ್ತಿ ಹೊರಡುವುದು), 'ಆಸನ' (ಕದಲದೆ ಕೂರುವುದು) ಕೂಡ ಹಾಗೇ ಎತ್ತಿಕೊಳ್ಳಬಹುದು.

ಅಚ್ಚಗನ್ನಡಿಗ:

ಯಾತ್ರೆ ಎಂದರೆ ಇವತ್ತಿನ ಹುಡುಗರು ಮುಡಿ ಕೊಡಲು ಹೊರಡುತ್ತಾರೆ. ಬೇಡ. ಯುದ್ಧ, ಸಮರ, ಕದನ, ಮೂರೂ ಸಂಸ್ಕೃತ. ನಮ್ಮದೇ 'ಕಾದು' ಇರುವಾಗ ಯಾಕೆ ಕೈಚಾಚಬೇಕು? ತಲೆಬರಹಕ್ಕೆ 'ಕಾದುವ ಹೊತ್ತು', ಬಟನ್‌ಗೆ 'ಕಾದು'. ಮುಗಿಯಿತು.

ಸರದಿಯಾಟ:

ಮುಗಿಯಲಿಲ್ಲ ಸ್ವಾಮಿ. ಆಟದಲ್ಲಿ 'ಕಾದು' ಎಂಬ ಬಟನ್ ಇಟ್ಟರೆ ಆಡುವವನು ಏನೆಂದು ಓದುತ್ತಾನೆ? ಹೋರಾಡು ಎಂದೋ, ಕಾಯ್ದುಕೊಂಡು ಎಂದೋ? 'ಕಾದ', 'ಕಾದಿದ' ಎಂದು ಭೂತಕಾಲದಲ್ಲಿ ಎರಡೂ ಬೇರೆಯಾಗುತ್ತವೆ ಸರಿ, ಬಟನ್ ಮೇಲೆ ಭೂತಕಾಲ ಎಲ್ಲಿಂದ ತರುತ್ತೀರಿ? ಹೊರಡು, ತಡೆ ಎಂಬ ಎರಡರ ನಡುವೆಯೇ ಇರುವ ಅಧ್ಯಾಯಕ್ಕೆ ಎರಡೂ ಅರ್ಥ ಬರುವ ಪದ!

ಪದಕ್ಕಿಂತ ಮೊದಲು ವಿಷಯ. ಈ ಆಟದಲ್ಲಿ ಹೊರಡುವ ನಿರ್ಧಾರ ಯುದ್ಧ ಸಾರುವ ದಿನದ್ದಲ್ಲ. ಬಹಿರಂಗವಾಗಿ ಖಂಡಿಸಿ 5 ಸರದಿ ಕಳೆದ ಮೇಲೆ ಮಾತ್ರ ವಿಧಿವತ್ತಾದ ಯುದ್ಧ ಸಾರಬಹುದು. ತಡೆಯದೆ ಎರಗಿದರೆ, 2019ರ ಗ್ಯಾದರಿಂಗ್ ಸ್ಟಾರ್ಮ್ ಎಂಬ ವಿಸ್ತರಣೆ ಸೇರಿಸಿ ಆಡುವವರಿಗೆ, 100ರ ಬದಲು 150 ದ್ವೇಷದ ಅಂಕ, ಅಂದರೆ ನಮ್ಮ ಮೇಲೆ ಅವನಿಗಿರುವ ದೂರಿನ ಲೆಕ್ಕ. ಸಾರಿದ ಮೇಲೆ 10 ಸರದಿ ಸಂಧಿಯಿಲ್ಲ, ಆ ದೇಶಕ್ಕೆ ಹೋಗುತ್ತಿದ್ದ ವ್ಯಾಪಾರಮಾರ್ಗಗಳೂ ಕಡಿದುಹೋಗುತ್ತವೆ. ಆದ್ದರಿಂದ ಬಿಲ್ವಿದ್ಯೆ ಮುಗಿಯಲು ಐದಾರು ಸರದಿ ಇರುವಾಗಲೇ ಖಂಡಿಸಿರಬೇಕು. ವಿದ್ಯೆ ಬಂದ ಮೇಲೆ ಖಂಡಿಸುತ್ತಾ ಕೂತರೆ ಆ ಐದು ಸರದಿಯಲ್ಲಿ ಅವನು ಗೋಡೆ ಕಟ್ಟಿಬಿಡುತ್ತಾನೆ. ಹೆಚ್ಚಿನವರು ಸೋಲುವುದು ಇಲ್ಲೇ.

ಬಲದ ಲೆಕ್ಕವೂ ಇದಕ್ಕೇ ಸೇರಿದ್ದು. ಸಮಬಲದ ತುಕಡಿಗಳು ಸೆಣಸಿದರೆ 100 ಪ್ರಾಣಾಂಕದಲ್ಲಿ ಸುಮಾರು 30 ಇಬ್ಬರಿಗೂ ಹೋಗುತ್ತದೆ. ನಮ್ಮ ಬಲ 10 ಹೆಚ್ಚಿದ್ದರೆ ಅವನಿಗೆ 45ರ ಆಸುಪಾಸು, ನಮಗೆ 20. ಸಮಬಲದಲ್ಲಿ ಹೊರಟವನಿಗೆ ಊರು ಸಿಕ್ಕರೂ ಅದನ್ನು ಕಾಯಲು ಪಡೆ ಉಳಿಯುವುದಿಲ್ಲ. ಪಕ್ಕದವನು ಕತ್ತಿಯಾಳುಗಳನ್ನು ಪಡೆಯುವ ಮುಂಚೆ, ಗೋಡೆಗೆ ಕಲ್ಲಿಡುವ ಮುಂಚೆ, ಆ ಹತ್ತರ ಅಂತರ ಇರುವಷ್ಟು ದಿನ ಮಾತ್ರ ಹೊರಡಬೇಕು.

ಇದಕ್ಕೆ ನನಗೆ ತೋಚುವುದು 'ಹದ'. ನೆಲ ಹದಕ್ಕೆ ಬಂದಿದೆ, ಹದ ಮೀರಿತು, ಹದ ತಪ್ಪಿತು: ಬರುವುದೂ ಮೀರುವುದೂ ಪದದಲ್ಲೇ ಇದೆ. 'ಕಾಲ'ಕ್ಕೆ ಅದಿಲ್ಲ, 'ಅವಕಾಶ'ಕ್ಕೆ ಅರ್ಧ ಇದೆ.

ಪದಾರ್ಥಿ:

ರೈತಾಪಿ ಪದವನ್ನು ರಾಜನೀತಿಗೆ ತಂದು ಕೂರಿಸುವುದು ಅಪಚಾರ. ಶಾಸ್ತ್ರಕ್ಕೆ ಶಾಸ್ತ್ರದ ಪರಿಭಾಷೆ ಬೇಕು.

ಅಚ್ಚಗನ್ನಡಿಗ:

ಹದಕ್ಕೆ ನನ್ನ ಒಪ್ಪಿಗೆ ಇದೆ. ಪಕಾರ ಹಕಾರವಾದ ಹಳೆಯ ಪದ, ತಮಿಳಿನಲ್ಲೂ 'ಪದಂ' ಉಂಟು. ಆದರೆ 'ಖಂಡನೆ', 'ಸಂಧಿ', 'ದ್ವೇಷದ ಅಂಕ' ಯಾಕೆ? 'ತೆಗಳಿಕೆ', 'ಒಡಂಬಡಿಕೆ', 'ಹಗೆಯೆಣಿಕೆ' ಎನ್ನಿ.

ಸರದಿಯಾಟ:

ಒಡಂಬಡಿಕೆ ಆಗಲಿ. ತೆಗಳಿಕೆ ಆಗದು: ಜಗಲಿಯ ಮೇಲೆ ಕೂತು ತೆಗಳಬಹುದು, ರಾಜ್ಯ ರಾಜ್ಯವನ್ನು ಖಂಡಿಸುತ್ತದೆ. ಫಿರಂಗಿ, ತೋಪು, ಸಿಪಾಯಿ, ಎಲ್ಲವೂ ಹೊರಗಿಂದ ಬಂದು ಕನ್ನಡದ ದಂಡಿನಲ್ಲೇ ನಿಂತಿವೆ. ಅವನ್ನು ಹೊರಗೆ ಹಾಕಿ ಯಾವ ಪದದಲ್ಲಿ ಯುದ್ಧ ಮಾಡುತ್ತೀರಿ?

ಅಚ್ಚಗನ್ನಡಿಗ:

ಬಂದದ್ದನ್ನೆಲ್ಲ ಇಟ್ಟುಕೊಳ್ಳುತ್ತಾ ಹೋದರೆ ನಾಳೆ 'ವಾರ್ ಡಿಕ್ಲೇರ್ ಮಾಡು' ಎಂದೂ ಬರೆಯುತ್ತೀರಿ.

ಸರದಿಯಾಟ:

'ಯುದ್ಧ ಸಾರು' ಇರುವಾಗ ಯಾಕೆ ಬರೆಯಲಿ? ಇಲ್ಲದ ಕಡೆ ಎರವಲು, ಇರುವ ಕಡೆ ನಮ್ಮದು.

ಕಡತವಾಹಕಿ:

ಜಗಳ ಆಮೇಲೆ ಮುಂದುವರಿಸಿ. ಒಂದು ತಾಂತ್ರಿಕ ಕಾರಣ: ಬಟನ್‌ನ ಎತ್ತರ ಕಡಿಮೆ. 'ಯುದ್ಧ' ಬರೆದರೆ ದ್ಧದ ಒತ್ತು ಕೆಳಗೆ ಕತ್ತರಿಸಿ 'ಯುದ' ಎಂದು ಕಾಣುತ್ತಿದೆ. 'ಯಾತ್ರಾ'ದಲ್ಲಿ ರಕಾರದ ಒತ್ತಿಗೂ ಅದೇ ಗತಿ. 'ಹದ'ಕ್ಕೆ ಒತ್ತೇ ಇಲ್ಲ. ಬಟನ್ ಮೇಲೆ 'ಹದ', ತಲೆಬರಹ 'ದಂಡೆತ್ತುವ ಹದ'. ಇನ್ನೊಂದು ಉಳಿದಿದೆ: ಯುದ್ಧ ಎಳೆದಷ್ಟೂ, ಅದರಲ್ಲೂ ನಮ್ಮ ಗಡಿಯಾಚೆ ಕಾದಾಡಿದಷ್ಟೂ, ಊರುಗಳಲ್ಲಿ ನೆಮ್ಮದಿ ಇಳಿಯುತ್ತದಲ್ಲ, ಅದಕ್ಕೆ?

ಸರದಿಯಾಟ:

'ಯುದ್ಧದ ಬೇಸರ'. ಬಳಲಿಕೆ ಸಿಪಾಯಿಗೆ, ಬೇಸರ ಊರಿನವರಿಗೆ. ಆಟದಲ್ಲಿ ಕಡಿಮೆಯಾಗುವುದು ಊರಿನವರ ನೆಮ್ಮದಿ, ತುಕಡಿಯ ಬಲ ಅಲ್ಲ. ಇದು ಬಟನ್ ಅಲ್ಲವಾದ್ದರಿಂದ ಒತ್ತಿಗೂ ತೊಂದರೆಯಿಲ್ಲ.

ಕಡತವಾಹಕಿ:

ಹಾಕಿದೆ. ಕಡತ ಕಳಿಸುತ್ತಿದ್ದೇನೆ.

ಪದಾರ್ಥಿ:

'ದಂಡೆತ್ತುವ'ದಲ್ಲಿರುವ ದಂಡು ಸಂಸ್ಕೃತದ 'ದಂಡ'ದ ತದ್ಭವ. ಅಚ್ಚಗನ್ನಡಿಗರ ಗಮನಕ್ಕೆ.